ಹುಳದ ಕೋಣೆಯ ಎಲೆಗಳು

ಕೊನೆಯ ಬುಟ್ಟಿಯ ಎಲೆಗಳನ್ನೂ ತಂಗಿ ಹಿತ್ತಲ ಗುಂಡಿಗೆ ಸುರಿದು, ಬುಟ್ಟಿಯ ತಳ ತಟ್ಟಿದಳು. ಅಕ್ಕನ ಹೆಣ ಮುಂದಿನ ಕೋಣೆಯಲ್ಲಿತ್ತು. ನೋಡಲು ಬಂದವರಿಗೆ ಮನೆ ನಾರಬಾರದೆಂದು ಬೆಳಿಗ್ಗೆಯಿಂದ ಒಂದೇ ಸಮನೆ ಗುಡಿಸಿ, ಒರೆಸಿ, ಕೊನೆಗೆ ಹುಳದ ಕೋಣೆಗೂ ಕೈ ಹಾಕಿದ್ದಳು. ದೊಡ್ಡ ಬಸವನಹುಳುಗಳನ್ನೇನೋ ಜೋಪಾನವಾಗಿ ಗಾಜಿನ ಪೆಟ್ಟಿಗೆಗೆ ಬಿಟ್ಟಿದ್ದಳು. ಅಷ್ಟು ಬುದ್ಧಿ ಅವಳಿಗಿತ್ತು. ಕೊಳೆತ ಎಲೆಗಳನ್ನು ಮಾತ್ರ ಕಸವೆಂದುಕೊಂಡಳು.

ಅಕ್ಕನ ಜೊತೆ ಹುಳ ಸಾಕುತ್ತಿದ್ದ ಗೆಳತಿ ಖಾಲಿ ಬುಟ್ಟಿ ಕಂಡು ನಿಂತಲ್ಲೇ ನಿಂತಳು.

"ಎಲೆ ಎಲ್ಲಿ?"

"ಎಸೆದೆ. ಯಾಕೆ?"

"ಮರಿಗಳು ಅದರ ಅಡೀಲೇ ಅಂಟ್ಕೊಂಡಿರ್ತವೆ ಕಣೇ. ಎಳ್ಳಿನಷ್ಟು ಇರ್ತವೆ. ಈ ವಾರ ತಾನೇ ಮೊಟ್ಟೆ ಒಡೆದಿದ್ವು."

ಆ ಜಾತಿಯ ಹುಳು ಈ ದ್ವೀಪ ಬಿಟ್ಟರೆ ಲೋಕದಲ್ಲಿ ಇನ್ನೆಲ್ಲೂ ಇರಲಿಲ್ಲ. ದ್ವೀಪದ ಕಾಡಿನಲ್ಲೂ ಅದನ್ನು ಕಂಡು ವರ್ಷಗಳಾಗಿದ್ದವು. ಸಾಕಿದ ಹುಳುಗಳು ಮರಿ ಮಾಡಿದ್ದು ಇದೇ ಮೊದಲು. ಬಿಸಿಲು ಗುಂಡಿಯ ಅಂಚಿಗೆ ಬಂದಿತ್ತು. ತಾಗಿದರೆ ಒಣಗಿಹೋಗುತ್ತವೆ ಎಂದು ಗೆಳತಿ ಹೇಳುತ್ತಿದ್ದಂತೆ ತಂಗಿ ಹಿತ್ತಲಿಗೆ ಓಡಿದಳು.

*

ತಂಗಿಯ ಮದುವೆಗೆ ಅಕ್ಕ ಬಂದದ್ದು ಊಟ ಮುಗಿದ ಮೇಲೆ, ಉಗುರಲ್ಲಿ ಮಣ್ಣು ತುಂಬಿಕೊಂಡು. ಹುಳದ ಕೋಣೆಯಲ್ಲಿ ನೀರು ಚಿಮುಕಿಸುವ ಯಂತ್ರ ಕೆಟ್ಟಿತ್ತಂತೆ.

"ನಾನೂ ಚಿಪ್ಪು ಹೊತ್ಕೊಂಡು ಹುಟ್ಟಬೇಕಿತ್ತು," ಎಂದಿದ್ದಳು ತಂಗಿ.

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಂಗಿ ತಮಾಷೆಗೆ ಹೇಳಿರಲಿಲ್ಲ. ಅಕ್ಕನ ಜೊತೆ ಮಾತೇನೂ ಬಿಡಲಿಲ್ಲ, ಆದರೆ ಅಂದಿನಿಂದ ಆ ಕೋಣೆಯ ಹೊಸ್ತಿಲು ತುಳಿದವಳಲ್ಲ. ತುಳಿದದ್ದು ಇವತ್ತೇ.

*

ಹೊತ್ತಾಯಿತು, ಹೆಣ ಎತ್ತೋಣ ಎಂದರು ಯಾರೋ. ತಂಗಿ ಗುಂಡಿಯೊಳಗೆ ಮಂಡಿಯೂರಿ ಕೂತಿದ್ದಳು. ಬೇಕೆಂದೇ ಮಾಡಿದೆನೇ ಎಂದು ತನ್ನನ್ನೇ ಕೇಳಿಕೊಂಡು ಬಿಕ್ಕುತ್ತಿದ್ದಳು. ಅಕ್ಕನ ಗಂಡ ಬಂದು ಅವಳನ್ನೂ ಗುಂಡಿಯನ್ನೂ ನೋಡಿದ.

"ಇದನ್ನ ಬಿಟ್ಟು ನಿಮ್ಮಕ್ಕ ಎದ್ದು ಬರೋಳಲ್ಲ," ಎಂದ. "ಅವಳನ್ನೂ ಇಲ್ಲಿಗೇ ತನ್ನಿ."

ಹೆಣದ ಪೆಟ್ಟಿಗೆಯನ್ನು ಹಿತ್ತಲಿಗೇ ತಂದು ಇಳಿಸಿದರು. ಬದುಕಿದ್ದಾಗಲೂ ಹೀಗೇ ಕಾಯಿಸುತ್ತಿದ್ದಳು ಎಂದು ಚಿಕ್ಕಪ್ಪ ಗೊಣಗಿದ; ಗೊಣಗುತ್ತಲೇ ಎಲ್ಲರಿಗಿಂತ ಮೊದಲು ಕುಕ್ಕರಗಾಲಲ್ಲಿ ಕೂತ. ಊದಬಾರದು, ಕೊಡವಬಾರದು, ತೊಟ್ಟು ಹಿಡಿದು ಮೆಲ್ಲಗೆ ಮಗುಚಬೇಕು ಎಂದು ಗೆಳತಿ ಹೇಳಿಕೊಟ್ಟಳು. ಒಳ್ಳೆಯ ಬಟ್ಟೆ ಉಟ್ಟು ಬಂದವರೆಲ್ಲ ಕೊಳೆತ ಎಲೆಗಳನ್ನು ಒಂದೊಂದಾಗಿ ಮಗುಚತೊಡಗಿದರು. ಬಿಸಿಲು ಏರಿದಂತೆ ಒಬ್ಬೊಬ್ಬರೇ ಕೊಡೆ ಬಿಚ್ಚಿ ಗುಂಡಿಯ ಮೇಲೆ ಹಿಡಿದರು. ಪೆಟ್ಟಿಗೆಯ ಮೇಲೆ ಒಂದೂ ಇರಲಿಲ್ಲ.

ಸಿಕ್ಕ ಮೊದಲ ಮರಿಗಳು ಒಣಗಿಹೋಗಿದ್ದವು. ತಂಗಿ ಇನ್ನಷ್ಟು ಕೆಳಗೆ, ತಂಪಾಗಿದ್ದ ಕಡೆ ಕೈ ಹಾಕಿ ಒಂದು ಎಲೆ ತೆಗೆದು ಮಗುಚಿದಳು. ನರದ ಪಕ್ಕದಲ್ಲಿ ಚುಕ್ಕಿಯಂಥದ್ದೊಂದು ಅಲುಗಿತು. ಕೂದಲೆಳೆಯಷ್ಟು ತೆಳ್ಳಗಿನ ಎರಡು ಕೊಂಬು ಹೊರಬಂದವು.

"ಅಕ್ಕಾ, ಇಲ್ಲೊಂದಿದೆ ನೋಡೇ," ಎಂದು ಅವಳು ಬಿಸಿಲಲ್ಲಿದ್ದ ಪೆಟ್ಟಿಗೆಯ ಕಡೆಗೆ ಎಲೆಯನ್ನು ಎತ್ತಿ ಹಿಡಿದಳು.