ಮಿಚ್ಚಮ್ಮನ ಊರಿಗೆ ಹೋಗಿಬರಲು

ಹೊರಟು ನಿಂತವರನ್ನು "ಎಲ್ಲಿಗೆ?" ಎಂದು ಕೇಳಬಾರದು. ಇದು ನಮ್ಮ ಹುಲಿಕೆರೆಯಲ್ಲಿ ಎಲ್ಲರಿಗೂ ಗೊತ್ತು. ಕರಿಬಸವಯ್ಯನವರಿಗೆ ಮಾತ್ರ ಸ್ವಲ್ಪ ಹೆಚ್ಚೇ ಗೊತ್ತು. ಒಮ್ಮೆ ಕೊಬ್ಬರಿ ಮಾರಲು ಅರಸೀಕೆರೆಗೆ ಹೊರಟಾಗ ಯಾರೋ ಹಾಗೆ ಕೇಳಿಬಿಟ್ಟರು. ಬಸ್ಸು ಎದುರಿಗೇ ನಿಂತಿತ್ತು. ಇವರು ಮನೆಗೆ ವಾಪಸು ಬಂದು, ಜಗಲಿಯ ಮೇಲೆ ಕೂತು, ಒಂದು ಚೊಂಬು ನೀರು ಕುಡಿದು, ಆಮೇಲೆ ಹೊರಟರು. ಅಷ್ಟರಲ್ಲಿ ಬಸ್ಸು ಹಳೇಬೀಡು ದಾಟಿತ್ತು.

ಇಂಥವರ ಹೆಂಡತಿ ಮಹದೇವಮ್ಮನಿಗೆ ಜಪಾನಿಗೆ ಹೋಗುವ ಆಸೆ ಹುಟ್ಟಿತು.

ಅಲ್ಲಿ ಅವರ ಗೆಳತಿ ಇದ್ದಾರೆ. ಹೆಸರು ಮಿಚಿಕೊ, ನಮ್ಮೂರಿನ ಬಾಯಲ್ಲಿ ಮಿಚ್ಚಮ್ಮ. ಎಷ್ಟೋ ವರ್ಷ ಅವರೆಕಾಯಿ ಕಾಲಕ್ಕೆ ಸರಿಯಾಗಿ ಬಂದು, ಮಹದೇವಮ್ಮನ ಮನೆಯಲ್ಲೇ ಉಳಿದು, ನಮ್ಮ ಕಲ್ಯಾಣಿಯ ಮೆಟ್ಟಿಲುಗಳ, ಪುಟ್ಟ ಗುಡಿಗಳ ಚಿತ್ರ ಬರೆಯುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದು. ಆದರೂ ಬೆಳಗಿನ ಮಂಜಿನಲ್ಲಿ ಇಬ್ಬರೂ ಮೆಟ್ಟಿಲ ಮೇಲೆ ಕೂತು ಮಾತಾಡುತ್ತಲೇ ಇರುತ್ತಿದ್ದರು. ಏನು ಮಾತಾಡಿಕೊಳ್ಳುತ್ತಿದ್ದರೋ, ಆ ನೀರಿಗೇ ಗೊತ್ತು.

ಈಗ ಮಿಚ್ಚಮ್ಮನಿಗೆ ಮಂಡಿ ಕೈಕೊಟ್ಟಿದೆ. "ಇನ್ನು ನಾನು ಬರಲಾರೆ, ಈ ಸಲ ನೀನೇ ಬಾ" ಎಂದು ತಮ್ಮ ಮಗಳ ಕೈಯಲ್ಲಿ ಇಂಗ್ಲಿಷಿನಲ್ಲಿ ಬರೆಸಿ ಕಳಿಸಿದ್ದರು. ಅಂದಿನಿಂದ ಮಹದೇವಮ್ಮನಿಗೆ ಒಂದೇ ಕನಸು. ಕಲ್ಯಾಣಿಯ ಮೆಟ್ಟಿಲು ಇಳಿಯುತ್ತಾರೆ, ಇಳಿಯುತ್ತಲೇ ಇರುತ್ತಾರೆ, ತಳ ಸಿಗುವುದಿಲ್ಲ. ಕೊನೆಗೆ ಕಾಲಿಗೆ ತಣ್ಣಗೆ ತಗಲುವುದು ಸಮುದ್ರ. ದಡದಲ್ಲಿ ಮಿಚ್ಚಮ್ಮ ಕೂತು ಪೆನ್ಸಿಲ್ ಚೂಪು ಮಾಡುತ್ತಿರುತ್ತಾರೆ. ಮಹದೇವಮ್ಮ ಸಮುದ್ರ ಕಂಡವರಲ್ಲ, ಹಾಗಾಗಿ ಕನಸಿನ ಸಮುದ್ರವೂ ಕಲ್ಯಾಣಿಯ ಹಾಗೆ ಹಸಿರಾಗಿಯೇ ಇರುತ್ತಿತ್ತು.

ಪಾಸ್‌ಪೋರ್ಟ್ ಬಂತು. ವೀಸಾ ಅಂದಾಗ ಕರಿಬಸವಯ್ಯನವರು ಅಡ್ಡ ನಿಂತರು.

"ಆ ಅರ್ಜೀಲಿ ಏನೇನು ಕೇಳ್ತಾರಂತೆ ಗೊತ್ತೇನೇ? ಎಲ್ಲಿಗೆ, ಯಾಕೆ, ಯಾರ ಮನೆಗೆ, ಯಾವತ್ತು ವಾಪಸು. ಹೊರಡೋಕೆ ಮುಂಚೇನೇ ಇಷ್ಟು ಕೇಳಿದ್ರೆ ಹೋದ ಕೆಲಸ ಆಯ್ತದಾ?"

ಪೇಟೆಯಲ್ಲಿ ಅವರಿಗೆ ಒಪ್ಪುವ ಏಜೆಂಟನೂ ಸಿಕ್ಕಿದ. "ನೀವೇನೂ ಹೇಳೋದೇ ಬೇಡ ಯಜಮಾನ್ರೇ. ಊರು ನೋಡೋಕೆ ಅಂತ ಬರೀತೀನಿ, ಹೋಟೆಲ್ ಬುಕ್ ಆಗಿರೋ ಹಂಗೆ ತೋರಿಸ್ತೀನಿ. ವೀಸಾ ಗ್ಯಾರಂಟಿ. ಅಮ್ಮೋರು ಖಾಲಿ ಅರ್ಜಿಗೆ ಒಂದು ಸಹಿ ಹಾಕಿದ್ರೆ ಸಾಕು" ಎಂದ. ಯಾರೂ ಏನೂ ಕೇಳುವುದಿಲ್ಲವಲ್ಲ ಎಂದು ಕರಿಬಸವಯ್ಯನವರಿಗೆ ಹಿಗ್ಗೋ ಹಿಗ್ಗು.

ಸಹಿ ಎಲ್ಲಿ ಹಾಕಬೇಕೆಂದು ಕೇಳಲು ಮಹದೇವಮ್ಮ ಆ ಅರ್ಜಿಯನ್ನು ಪಕ್ಕದ ಮನೆಯ ಸ್ವಾತಿಗೆ ತೋರಿಸಿದರು. ಸ್ವಾತಿ ಬೇಲೂರಿನ ಕಾಲೇಜೊಂದರಲ್ಲಿ ಲೈಬ್ರರಿ ನೋಡಿಕೊಳ್ಳುತ್ತಾಳೆ. ಜರ್ಮನಿಯಲ್ಲಿರುವ ಅಕ್ಕನ ಮನೆಗೆ ಹೋಗಿಬಂದವಳು.

"ದೊಡ್ಡಮ್ಮ, ಖಾಲಿ ಅರ್ಜಿಗೆ ಮಾತ್ರ ಸಹಿ ಹಾಕ್ಬೇಡಿ. ಏಜೆಂಟ್ ಬರೆದ್ರೂ ಅದರ ಹೊಣೆ ನಿಮ್ಮದೇ. ಸುಳ್ಳು ಅಂತ ಗೊತ್ತಾದ್ರೆ ಅರ್ಜಿ ತಿರಸ್ಕಾರ ಆಗುತ್ತೆ, ಮುಂದೆ ಹಾಕೋ ಅರ್ಜಿಗೂ ಅದು ಅಡ್ಡ ಬರುತ್ತೆ."

"ಅವನು ಗ್ಯಾರಂಟಿ ಅಂದನಲ್ಲಮ್ಮ!"

"ಗ್ಯಾರಂಟಿ ಕೊಡೋಕೆ ಅವನ್ಯಾರು? ಕೊಡೋದು ಬಿಡೋದು ಆ ದೇಶದವರ ಕೈಲಿದೆ. ನಾನು ಮೊದಲ ಸಲ ಅವಸರದಲ್ಲಿ ಅರ್ಧಂಬರ್ಧ ದಾಖಲೆ ಕೊಟ್ಟು ಇಲ್ಲ ಅನ್ನಿಸ್ಕೊಂಡೆ. ಟಿಕೆಟ್ ಬೇರೆ ತಗೊಂಡಿದ್ದೆ, ಅದೂ ಹೋಯ್ತು."

ಮಹದೇವಮ್ಮನ ಕಣ್ಣು ತುಂಬಿತು. "ಹಂಗಾರೆ ನಾನು ಮಿಚ್ಚಮ್ಮನ್ನ ಇನ್ನು ನೋಡಕಿಲ್ವಾ?"

"ನೋಡೋಕೇ ಹೋಗ್ತಿದ್ದೀನಿ ಅಂತ ನಿಜ ಬರೀರಿ ದೊಡ್ಡಮ್ಮ."

ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಕರಿಬಸವಯ್ಯನವರಿಗೆ ತಡೆಯಲಾಗಲಿಲ್ಲ. "ಅಲ್ಲ ಕಣಮ್ಮ, ಮನೆ ಬಿಟ್ಟು ಹೊರಟೋರನ್ನ ಎಲ್ಲಿಗೆ ಅಂತ ಕೇಳಬೌದಾ?"

ಸ್ವಾತಿ ನಕ್ಕಳು. "ದೊಡ್ಡಪ್ಪ, ನೀವು ಹೊರಡುವಾಗ ಏನಂತ ಹೇಳ್ತೀರಿ?"

"ಹೋಗಿ ಬತ್ತೀನಿ ಅಂತೀನಿ."

"ಬರೀ ಹೋಗ್ತೀನಿ ಅಂತ ಯಾಕೆ ಅನ್ನಲ್ಲ?"

"ಥೂ ಥೂ, ಬುಡ್ತು ಅನ್ನು! ಹಂಗೆಲ್ಲ ಅನ್ನಬಾರದು."

"ವೀಸಾದವರೂ ಅದನ್ನೇ ಕೇಳೋದು ದೊಡ್ಡಪ್ಪ. ಹೋಗಿ ಬತ್ತೀರಾ, ಇಲ್ಲಾ ಬರೀ ಹೋಗ್ತೀರಾ ಅಂತ. ಹೋಗಿ ಬತ್ತೀವಿ ಅನ್ನೋದಕ್ಕೆ ಆಧಾರ ಕೊಟ್ಟರೆ ಆಯ್ತು."

ಕರಿಬಸವಯ್ಯನವರು ತಲೆ ಕೆರೆದುಕೊಂಡರು. ಒಳಗೆ ಹೋಗಿ ತೋಟದ ಪಹಣಿ ತಂದಿಟ್ಟರು.

ಅವತ್ತು ಮಧ್ಯಾಹ್ನವೆಲ್ಲ ಜಗಲಿಯ ಮೇಲೆ ಅದೇ ಕೆಲಸ. ಮಿಚ್ಚಮ್ಮನ ಮನೆಯಿಂದ ತರಿಸಬೇಕಾದ ಆಹ್ವಾನ ಪತ್ರ. ಖರ್ಚು ಯಾರದು, ಯಾವ ದಿನ ಎಲ್ಲಿರುತ್ತಾರೆ, ಯಾವತ್ತು ವಾಪಸು ಎಂಬ ವಿವರ. ಬ್ಯಾಂಕಿನ ವಿವರ. ಬೇಕಾದ ದಾಖಲೆಗಳನ್ನು ಸ್ವಾತಿ ರಾಯಭಾರ ಕಚೇರಿಯ ವೆಬ್‌ಸೈಟಿನಲ್ಲೇ ನೋಡಿ ಹೇಳಿದಳು. ಸ್ನೇಹಕ್ಕೂ ಆಧಾರ ಬೇಕಂತೆ! ಮಹದೇವಮ್ಮ ಟ್ರಂಕಿನ ತಳದಿಂದ ಫೋಟೋಗಳನ್ನು ತೆಗೆದರು. ಎಲ್ಲದರಲ್ಲೂ ಅದೇ ಮೆಟ್ಟಿಲು, ಅದೇ ಇಬ್ಬರು. ಫೋಟೋದಿಂದ ಫೋಟೋಕ್ಕೆ ತಲೆ ಬೆಳ್ಳಗಾಗುತ್ತಾ ಬಂದಿತ್ತು, ಕಲ್ಯಾಣಿಯ ನೀರು ಮಾತ್ರ ಹಾಗೇ ಇತ್ತು. ನೋಡುತ್ತಾ ನೋಡುತ್ತಾ ಮೂವರಿಗೂ ಹೊತ್ತು ಇಳಿದದ್ದೇ ತಿಳಿಯಲಿಲ್ಲ.

ಆಹ್ವಾನ ಪತ್ರ ಬಂದ ಮೇಲೆ ಬೆಂಗಳೂರಿಗೆ ಹೋಗಿ ಅರ್ಜಿ ಕೊಟ್ಟು ಬಂದರು. ಕೆಲವು ದಿನ ಕಳೆದು, ಕರಿಬಸವಯ್ಯನವರು ತೋಟಕ್ಕೆಂದು ಚಪ್ಪಲಿ ಮೆಟ್ಟಿ ಅಂಗಳಕ್ಕೆ ಇಳಿದಿದ್ದಾಗ ಅವರ ಫೋನು ಹೊಡೆದುಕೊಂಡಿತು. ವೀಸಾ ವಿಚಾರಣೆ. ಅತ್ತ ಒಬ್ಬ ಹೆಣ್ಣುಮಗಳು ಕನ್ನಡದಲ್ಲೇ ಕೇಳಿದಳು: "ನಿಮ್ಮ ಮನೆಯವರು ಎಲ್ಲಿಗೆ ಹೋಗ್ತಿದ್ದಾರೆ?"

ಕರಿಬಸವಯ್ಯನವರು ಕಲ್ಲಾದರು. ಬಾಗಿಲಲ್ಲಿ ಮಹದೇವಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತರು. ಈ ಮನುಷ್ಯ ಫೋನು ಇಟ್ಟುಬಿಟ್ಟರೆ ಎಲ್ಲ ಮುಗಿದ ಹಾಗೆ.

ಅವರು ಚಪ್ಪಲಿ ಬಿಟ್ಟರು. ಜಗಲಿ ಹತ್ತಿ ಕೂತರು. ನೀರು ಎಂದು ಕೈಸನ್ನೆ ಮಾಡಿದರು. ಫೋನಿನಲ್ಲಿ "ಹಲೋ, ಹಲೋ" ಕೇಳುತ್ತಲೇ ಇತ್ತು. ಒಂದು ಚೊಂಬು ನೀರು ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು ಹೇಳಿದರು:

"ಜಪಾನಿಗೆ ಕಣಮ್ಮ. ಮಿಚ್ಚಮ್ಮನ ಮನೆಗೆ. ಆಯಮ್ಮಂಗೆ ಮಂಡಿನೋವು, ಇಲ್ಲಿಗೆ ಬರಕಾಗಕಿಲ್ಲ. ಇವಳು ಎರಡು ವಾರ ಇದ್ದು ರಾಗಿ ಕುಯ್ಲಿಗೆ ಬಂದುಬಿಡ್ತಾಳೆ. ತೋಟ ಇಲ್ಲೈತೆ, ಮನೆ ಇಲ್ಲೈತೆ." ಆಮೇಲೆ ದನಿ ತಗ್ಗಿಸಿ, "ಇವಳಿಲ್ದೆ ನನಗೆ ಇರಕಾಗಕಿಲ್ಲ, ಅದನ್ನೂ ಬರ್ಕೊಳಮ್ಮ. ಹೋಗಿ ಬತ್ತಾಳೆ" ಎಂದರು.

ಮಹದೇವಮ್ಮ ಬಾಗಿಲಲ್ಲೇ ಅತ್ತುಬಿಟ್ಟರು. ಮದುವೆಯಾದಾಗಿನಿಂದ ಈ ಮಾತನ್ನು ಅವರು ಒಮ್ಮೆಯೂ ಕೇಳಿರಲಿಲ್ಲ.

ವೀಸಾ ಬಂತು. ಆಮೇಲೆಯೇ ಟಿಕೆಟ್ ಮಾಡಿಸಿದರು. ಹೊರಟ ದಿನ ಕಲ್ಯಾಣಿಯ ಮೇಲೆ ಮಂಜು ಕವಿದಿತ್ತು. ಊರಿನಲ್ಲಿ ಯಾರೂ ಎಲ್ಲಿಗೆಂದು ಕೇಳಲಿಲ್ಲ. ಹೇಳಿದ ದಿನಕ್ಕೇ ಮಹದೇವಮ್ಮ ಹಿಂತಿರುಗಿದರು. ಈಗಲೂ ಕನಸಿನಲ್ಲಿ ಆ ಮೆಟ್ಟಿಲು ಇಳಿಯುತ್ತಾರಂತೆ. ಸಮುದ್ರ ಮಾತ್ರ ಈಗ ನೀಲಿಯಂತೆ.

ನಿಮಗೂ ದೂರದಲ್ಲಿ ಯಾರೋ ಕಾಯುತ್ತಿರಬಹುದು. ಹಾಗಿದ್ದರೆ ಪಾಸ್‌ಪೋರ್ಟಿನ ಅವಧಿ ಇನ್ನೂ ಎಷ್ಟಿದೆಯೆಂದು ಇವತ್ತೇ ತೆಗೆದು ನೋಡಿ. ಬೇಕಾದ ದಾಖಲೆ ಯಾವುವೆಂದು ಆ ದೇಶದ ಅಧಿಕೃತ ವೆಬ್‌ಸೈಟಿನಲ್ಲಿ ಓದಿ, ಬಾರದಿದ್ದರೆ ಓದಬಲ್ಲವರನ್ನು ಕೂರಿಸಿಕೊಂಡು ಓದಿಸಿ. ಕೊನೆ ಗಳಿಗೆಗೆ ಇಟ್ಟುಕೊಳ್ಳಬೇಡಿ. ಖಾಲಿ ಅರ್ಜಿಗೆ ಸಹಿ ಬೇಡ, ಗ್ಯಾರಂಟಿ ಎನ್ನುವವರ ಸಹವಾಸ ಬೇಡ. ನೋಡಿಬರಲು ಕೊಟ್ಟ ವೀಸಾದಲ್ಲಿ ದುಡಿಯಲು ಹೋಗಬೇಡಿ, ಕೊಟ್ಟ ದಿನ ಮೀರಬೇಡಿ. ಎಲ್ಲಿಗೆ ಎಂದು ಕೇಳಿದರೆ ಬೇಜಾರು ಮಾಡಿಕೊಳ್ಳದೆ, ಬೇಕಾದರೆ ಒಂದು ಚೊಂಬು ನೀರು ಕುಡಿದು, ನಿಜ ಹೇಳಿ.

ಹೋಗಿ ಬನ್ನಿ.