ಲಾಂಡ್ರಿಯಿಂದ ಹೋದ ಮೊದಲ ಉತ್ತರ

ಅತ್ತಿಗೆ, ನಾದಿನಿ ಇಬ್ಬರೂ ಸೇರಿ ಒಂದು ಲಾಂಡ್ರಿ ನಡೆಸುತ್ತಿದ್ದರು. ಅತ್ತಿಗೆಯದು ಇಸ್ತ್ರಿ, ನಾದಿನಿಯದು ಕೌಂಟರು. ಬಟ್ಟೆಯ ಚೀಟಿಗಳನ್ನು ಕಂಪ್ಯೂಟರಿನಲ್ಲೇ ಜೋಡಿಸುವ ಆಸೆಯಿಂದ ನಾದಿನಿ ನಾಲ್ಕು ತಿಂಗಳಿಂದ ಪ್ರೋಗ್ರಾಮಿಂಗ್ ಕಲಿಯುತ್ತಿದ್ದಳು. ಅತ್ತಿಗೆಗೆ ಅದರ ತಲೆಬುಡ ತಿಳಿಯದಿದ್ದರೂ ಪ್ರತಿ ಪಾಠಕ್ಕೂ ಹೂಂಗುಟ್ಟುತ್ತಿದ್ದಳು.

ಆ ಮಂಗಳವಾರ ಮಧ್ಯಾಹ್ನ ಪ್ರೋಗ್ರಾಮರುಗಳ ಆನ್‌ಲೈನ್ ವೇದಿಕೆಯಲ್ಲಿ ಯಾರೋ ಕೇಳಿದ್ದರು: ಪಟ್ಟಿಯಲ್ಲಿ ಎರಡಕ್ಕಿಂತ ಮೊದಲು ಹತ್ತು ಬರುತ್ತಿದೆ, ಯಾಕೆ? ನಾದಿನಿ ಕುರ್ಚಿಯಿಂದ ಎದ್ದೇ ನಿಂತಳು. ಹೋದ ವಾರ ಅವಳ ಚೀಟಿಗಳೂ ಹೀಗೇ ಸತಾಯಿಸಿದ್ದವು. ಕಂಪ್ಯೂಟರು ಅಂಕಿಗಳನ್ನು ಅಕ್ಷರ ಅಂದುಕೊಂಡಿದೆ, ಸಂಖ್ಯೆಯಾಗಿ ಬದಲಾಯಿಸಿ ಎಂದು ಬರೆದು, ಮೂರು ಸಾಲು ಕೋಡ್ ಸೇರಿಸಿ, ಕಣ್ಣು ಮುಚ್ಚಿಕೊಂಡು ಕಳಿಸಿದಳು. ಅವಳು ಅಲ್ಲಿ ಕೊಟ್ಟ ಮೊಟ್ಟಮೊದಲ ಉತ್ತರ ಅದು.

ಐದೇ ನಿಮಿಷಕ್ಕೆ ಒಬ್ಬ ಬರೆದ: "ಈ ಕೋಡ್ ಓಡೋದೇ ಇಲ್ಲ. ಗೊತ್ತಿಲ್ಲದವರು ಯಾಕೆ ಮೂಗು ತೂರಿಸ್ತೀರಿ?"

ಅವಳ ಮುಖ ಸಪ್ಪಗಾಯಿತು. "ಅಳಿಸಿಬಿಡ್ತೀನಿ ಅತ್ತಿಗೆ."

"ತಡಿಯೇ, ಈ ಕಾಲರ್ ಮುಗಿಸಿ ಬರ್ತೀನಿ. ಆಮೇಲೆ ಇಬ್ಬರೂ ಸೇರಿ ಅಳಿಸೋಣ."

ಕಾಲರ್ ಮುಗಿಯುವುದರೊಳಗೆ, ಅಲ್ಲಿ ಎಲ್ಲರೂ 'ತಾತ' ಎಂದು ಕರೆಯುವ ಹಳಬರೊಬ್ಬರು ಬರೆದಿದ್ದರು: "ರೋಗ ಸರಿಯಾಗಿ ಹಿಡಿದಿದ್ದೀರಮ್ಮ. ಮೂರನೇ ಸಾಲಿನ ಕೊನೇಲಿ ಒಂದು ಬ್ರಾಕೆಟ್ ಬಿಟ್ಟುಹೋಗಿದೆ ಅಷ್ಟೆ. ಉತ್ತರ ನಿಮ್ಮದು, ನೀವೇ ಹಾಕಿ." ಅದರ ಕೆಳಗೆ ಆ ಒರಟನಿಗೂ ಒಂದು ಮಾತು: "ನನ್ನ ಮೊದಲ ಉತ್ತರದಲ್ಲಿ ಏಳು ತಪ್ಪಿದ್ವು. ತಿದ್ದಿದವರು ಬೈದಿದ್ರೆ ನಾನಿವತ್ತು ಇಲ್ಲಿರ್ತಿರಲಿಲ್ಲ."

ನಾದಿನಿ ಬ್ರಾಕೆಟ್ ಹಾಕಿದಳು. ಪ್ರಶ್ನೆ ಕೇಳಿದವರು ಬರೆದರು: "ಓಡ್ತು. ಎರಡು ದಿನದಿಂದ ತಲೆ ಕೆಟ್ಟುಹೋಗಿತ್ತು. ತುಂಬ ಥ್ಯಾಂಕ್ಸ್."

ಆಮೇಲೆ ಆ ಅಂಗಡಿಯಲ್ಲಿ ಯಾರ ಕಾಲೂ ನೆಲದ ಮೇಲೆ ನಿಲ್ಲಲಿಲ್ಲ. ಅತ್ತಿಗೆ ಹ್ಯಾಂಗರುಗಳ ನಡುವೆ ನಾದಿನಿಯನ್ನು ಗಿರಗಿರ ತಿರುಗಿಸಿದಳು. ಪ್ಯಾಂಟು ಒಯ್ಯಲು ಬಂದ ಹಲ್ಲಿನ ಡಾಕ್ಟರಿಗೆ ಇಬ್ಬರೂ ಒಟ್ಟೊಟ್ಟಿಗೆ ಬ್ರಾಕೆಟಿನ ಕಥೆ ಹೇಳಿ, ಯಾರದೋ ಲಂಗ ಕಟ್ಟಿಕೊಟ್ಟು ಕಳಿಸಿದರು. ಅವರು ಅರ್ಧ ಬೀದಿ ಹೋಗಿ, ಪೊಟ್ಟಣ ಬಿಚ್ಚಿ ನೋಡಿ, ವಾಪಸು ಬಂದರು.

"ಇದು ನನಗೆ ಸೊಂಟದಲ್ಲಿ ಸ್ವಲ್ಪ ಹಿಡಿಯುತ್ತೆ," ಎಂದರು ಗಂಭೀರವಾಗಿ.

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಒರಟನೂ ಬರೆದಿದ್ದ: "ದುಡುಕಿ ಮಾತಾಡಿದೆ. ತಪ್ಪಾಯ್ತು."

"ಏನಂತ ಬರೀಲಿ ಅತ್ತಿಗೆ?"

ಅತ್ತಿಗೆ ಸ್ಟೂಲ್ ಎಳೆದುಕೊಂಡು ಕೂತಳು. "ಊಟ ಮಾಡಿದ್ರಾ ಅಂತ ಕೇಳು."

ನಾದಿನಿ ಹಾಗೇ ಬರೆದಳು. ತಕ್ಷಣ ಉತ್ತರ ಬಂತು: "ಇಲ್ಲ. ಬೆಳಿಗ್ಗೆಯಿಂದ ಕೂತಲ್ಲೇ ಕೂತಿದ್ದೀನಿ."

"ನೋಡಿದ್ಯಾ, ಅಷ್ಟೇ ವಿಷಯ," ಎಂದಳು ಅತ್ತಿಗೆ. "ಮೊದಲು ಎದ್ದು ಏನಾದ್ರೂ ತಿನ್ನೋಕೆ ಹೇಳು."