ಡಬ್ಬಿಯಲ್ಲಿ ಬಂದ ಹಲ್ಲು

ಅಪ್ಪ ಸತ್ತು ಎಂಟು ತಿಂಗಳಾದರೂ ಅವರ ಹೆಸರಿಗೆ ಬರುವ ಅಂಚೆ ನಿಂತಿರಲಿಲ್ಲ. ಕಣ್ಣಿನ ಆಸ್ಪತ್ರೆಯವರು ಉಚಿತ ತಪಾಸಣೆಗೆ ಬನ್ನಿ ಎಂದು ಕರೆಯುತ್ತಾರೆ. ಅಪ್ಪನ ಕೆಲಸಕ್ಕೆ ಬೇಕಾದ ಮೇಣ ಮಾರುವ ಕಂಪನಿಯವರು ಹೊಸ ಬಣ್ಣಗಳ ಪಟ್ಟಿ ಕಳಿಸುತ್ತಾರೆ. ಬೆಳಗಿನ ನಡಿಗೆಯ ಸಂಘದವರಂತೂ "ತಾವು ಇತ್ತೀಚೆಗೆ ನಡಿಗೆಗೆ ಬರುತ್ತಿಲ್ಲ" ಎಂದು ಬೇಜಾರು ಮಾಡಿಕೊಂಡು ಬರೆದಿದ್ದರು. ಆ ಸಂಘದ ಅರ್ಧ ಜನ ಅಪ್ಪನನ್ನು ಕೊನೆಯ ಸಲ ನೋಡಲು ನಮ್ಮ ಮನೆಗೆ ಬಂದು ಸಾಲಾಗಿ ಕೂತು ಹೋಗಿದ್ದರು. ಪ್ರತಿಯೊಂದರ ಮೇಲೂ ನಾನು ಕೆಂಪು ಶಾಯಿಯಲ್ಲಿ 'ಇವರು ಸತ್ತಿದ್ದಾರೆ' ಎಂದು ದಪ್ಪಗೆ ಬರೆದು ಅಂಚೆಯವನ ಕೈಗೆ ವಾಪಸು ತುರುಕುತ್ತಿದ್ದೆ.

"ತೀರಿಕೊಂಡಿದಾರೆ ಅಂತ ಬರೀರಿ ಮೇಡಂ, ಓದೋರಿಗೆ ಹೇಗಾಗುತ್ತೆ" ಎಂದು ಅವನು ಒಮ್ಮೆ ಬುದ್ಧಿ ಹೇಳಿದ. ಓದುವವರು ಯಾರಾದರೂ ಇದ್ದಿದ್ದರೆ ಎರಡನೆಯ ಕಾಗದ ಬರುತ್ತಿತ್ತೇ?

ಗುರುವಾರ ಬೆಳಗ್ಗೆ ಬಂದದ್ದು ಕಾಗದವಲ್ಲ, ಬಟ್ಟೆ ಹೊದಿಸಿ ಹೊಲಿದ ಬಿಸ್ಕತ್ತಿನ ಡಬ್ಬಿ. ನನಗೆ ಡ್ಯೂಟಿಗೆ ಹೊತ್ತಾಗಿತ್ತು. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು, ಗೋಡೆಯ ಮೇಲೆ ಬರೆದಿರುವ ವೇಳೆಯನ್ನೇ ದಿನಕ್ಕೆ ಮುನ್ನೂರು ಜನಕ್ಕೆ ಬಾಯಿಬಿಟ್ಟು ಹೇಳುವುದು ನನ್ನ ಕೆಲಸ. ಆ ಅವಸರದಲ್ಲಿ ನೋಡದೆ ಸಹಿ ಹಾಕಿಬಿಟ್ಟೆ. ಆಮೇಲೆ ಕಂಡಿತು, ಅಪ್ಪನ ಹೆಸರು. ಕಳಿಸಿದವರ ವಿಳಾಸವೇ ಇಲ್ಲ. ಕತ್ತರಿ ಹಾಕಿ ಬಿಚ್ಚಿದರೆ ಒಳಗೆ ಒದ್ದೆ ಬಟ್ಟೆ, ಅದರೊಳಗೆ ಹಲ್ಲು. ಕೆಳಗಿನ ಸೆಟ್ಟು, ಪೂರ್ತಿ.

ಬೇರೆಯವರಾಗಿದ್ದರೆ ಕಿರುಚುತ್ತಿದ್ದರು. ನಾನು ಹುಟ್ಟಿದ್ದೇ ಹಲ್ಲುಗಳ ನಡುವೆ. ಅಪ್ಪ ಡಾಕ್ಟರಲ್ಲ, ಕಟ್ಟುವ ಹಲ್ಲು ಮಾಡುವ ಕೈಕೆಲಸದವರು. ನಮ್ಮ ಮುಂದಿನ ಕೋಣೆಯ ತುಂಬ ಜನರ ಬಾಯಿಯ ಪ್ಲಾಸ್ಟರ್ ಅಚ್ಚುಗಳು ಸಾಲಾಗಿ ಕೂತಿರುತ್ತಿದ್ದವು. ಊರಿನ ಮುದುಕರೆಲ್ಲ ಅಗಿಯುವುದು ತನ್ನ ಕೈಯಿಂದ ಎಂಬ ಜಂಬ ಅವರಿಗೆ. ಊರಿನವರ ಬಾಯಿ ಬಿಡಿಸಿದ ಮನುಷ್ಯ ಮನೆಯಲ್ಲಿ ಮಾತ್ರ ತಾವು ಬಾಯಿ ಬಿಟ್ಟವರಲ್ಲ.

ಜೊತೆಗೊಂದು ಚೀಟಿಯಿತ್ತು.

"ನಮಸ್ಕಾರ. ಮತ್ತೆ ಎಡಗಡೆ ಹಿಂದೆಯೇ ಒತ್ತುತ್ತಿದೆ, ವಸಡು ಹುಣ್ಣಾಗಿದೆ. ಹೋದ ಸಲ ಮಾಡಿದ ಹಾಗೆ ಮಾಡಿಕೊಡಿ. ನಮ್ಮ ಮನೆಯವರು ಕೆಲಸದ ಮೇಲೆ ಹೊರಗೆ ಹೋಗಿದ್ದಾರೆ, ಭಾನುವಾರ ಸಂಜೆ ಬರುತ್ತಾರೆ. ಅವರಿಗೆ ಇದೊಂದೂ ಗೊತ್ತಿಲ್ಲ ಎಂಬುದು ನಿಮಗೆ ತಿಳಿದೇ ಇದೆ. ಅಷ್ಟರೊಳಗೆ ಎಂದಿನಂತೆ ಹೊಲಿಗೆ ಶಾಲೆಗೆ ಕಳಿಸಿ. ಬಾಗಿಲು ಹಾಕಿಕೊಂಡು ಗಂಜಿ ಕುಡಿದುಕೊಂಡು ಇದ್ದೇನೆ. ನಿಮ್ಮ ಆರೋಗ್ಯ ಹೇಗಿದೆ?"

ಹೆಸರಿಲ್ಲ, ಊರಿಲ್ಲ. ನನಗೆ ಮೈಯೆಲ್ಲ ಉರಿಯಿತು. ಯಾವ ಹೊಲಿಗೆ ಶಾಲೆ ತಾಯಿ? ಕಟ್ಟಿಕೊಂಡ ಗಂಡನಿಂದ ಹಲ್ಲು ಬಚ್ಚಿಟ್ಟುಕೊಂಡು ಬದುಕುವ ಹೆಂಗಸು, ಅದಕ್ಕೆ ಜೊತೆಯಾಗಿ ನಿಂತ ನಮ್ಮಪ್ಪ. ಒಬ್ಬರಿಗಿಂತ ಒಬ್ಬರು. ಇವರಿಬ್ಬರ ಗುಟ್ಟಿನ ನಡುವೆ ನಾನು ಯಾವ ಪಾಪಕ್ಕೆ ಸಿಕ್ಕಿಕೊಂಡೆ? ಬಯ್ದುಕೊಂಡೇ ಹಲ್ಲನ್ನು ನೀರಿಗೆ ಹಾಕಿಟ್ಟೆ. ಒಣಗಿದರೆ ಆಕಾರ ಕೆಡುತ್ತದೆ ಎಂಬುದು ನನಗೆ ಅ ಆ ಇ ಈ ಕಲಿಯುವ ಮೊದಲೇ ಬಂದ ಪಾಠ.

ಮಧ್ಯಾಹ್ನ ರಜೆ ಹಾಕಿ ಅಂಚೆ ಕಚೇರಿಗೆ ಹೋದೆ. ಮುದ್ರೆ ಮಸುಕಾಗಿ ಮಸಿಯ ಕಲೆಯಷ್ಟೇ ಉಳಿದಿತ್ತು. ಕೌಂಟರಿನವನು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಕಳಿಸಿದವರ ವಿಳಾಸ ಇಲ್ಲ."

"ಅದು ಗೊತ್ತಾಗಿಯೇ ನಿಮ್ಮ ಹತ್ರ ಬಂದಿದೀನಿ."

"ಹೆಸರಿದ್ದವರು ಬಂದು ತಗೊಳ್ಳಲ್ಲ ಅಂತ ಬರೆದುಕೊಟ್ರೆ ವಾಪಸ್ ವಿಭಾಗಕ್ಕೆ ಕಳಿಸ್ತೀವಿ."

"ಹೆಸರಿದ್ದವರು ಸತ್ತಿದಾರೆ."

"ಹಾಗಾದ್ರೆ ಸಹಿ ಹಾಕಿ ತಗೊಂಡಿದ್ದು ಯಾರು?"

"ನಾನು."

"ತಗೊಂಡ ಮೇಲೆ ಅದು ನಿಮ್ದೇ ಮೇಡಂ. ಮುಂದಿನೋರು ಬನ್ನಿ."

ಕಿಟಕಿಯ ಈಚೆ ನಿಂತವರಿಗೆ ಹೇಗಾಗುತ್ತದೆ ಎಂದು ಆವತ್ತು ನನಗೆ ಗೊತ್ತಾಯಿತು. ಹಾಗೆಂದು ಮರುದಿನದಿಂದ ನಾನೇನೂ ಬದಲಾಗಲಿಲ್ಲ.

ಉಳಿದಿದ್ದು ಅವಸರಪ್ಪ. ಅಪ್ಪನ ಹತ್ತಿರ ಹದಿನೈದು ವರ್ಷ ಕೆಲಸ ಮಾಡಿ, ಜಗಳವಾಡಿಕೊಂಡು ಹೋಗಿ ದೊಡ್ಡ ಬೀದಿಯಲ್ಲಿ ಸ್ವಂತ ಅಂಗಡಿ ಹಾಕಿದವನು. ಯಾವ ಕೆಲಸವನ್ನೂ ಕಾದು ಮಾಡುವುದಿಲ್ಲ ಎಂದು ಅಪ್ಪನೇ ಇಟ್ಟ ಹೆಸರದು. ಡಬ್ಬಿ ತೆರೆದ ಕೂಡಲೇ ಅವನು ಕೈ ಒರೆಸಿಕೊಂಡು, ಸೆಟ್ಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಯಜಮಾನ್ರ ಕೆಲಸ. ನೋಡು, ಬೆರಳಿಗೇ ಗೊತ್ತಾಗುತ್ತೆ." ಒಳಬದಿಯನ್ನು ಬೆಳಕಿಗೆ ಹಿಡಿದ. "ಇನ್ನೂರ ಹದಿನಾಲ್ಕು ಅಂತಿದೆ. ಇದರ ಅಚ್ಚು ತಂದುಕೊಡು ತಂಗಿ, ಹತ್ತು ನಿಮಿಷದ ಕೆಲಸ."

ಅಚ್ಚು. ಅಪ್ಪ ಹೋದ ಮೇಲೆ ಆ ಬಾಯಿಗಳನ್ನು ನೋಡಿಕೊಂಡು ಇರುವುದು ನನ್ನಿಂದಾಗಿರಲಿಲ್ಲ. ಹೋದ ತಿಂಗಳು ಆರು ಚೀಲಕ್ಕೆ ತುಂಬಿ ಕಸದ ಲಾರಿಗೆ ಹಾಕಿಸಿದ್ದೆ. ಅದನ್ನೇ ಅವನಿಗೆ ಹೇಳಿದೆ.

"ಎಲ್ಲವನ್ನೂ?" ಅವಸರಪ್ಪನ ದನಿಯೇ ಇಳಿದುಹೋಯಿತು. "ಒಂದು ಮಾತು ಕೇಳಬಾರದಿತ್ತಾ?"

"ಯಾರನ್ನ ಕೇಳ್ಲಿ ಅಣ್ಣ? ನೀವು ಆ ಕಡೆ ತಲೆ ಹಾಕಿ ಆರು ವರ್ಷ ಆಯ್ತು. ಅವರು ತಮ್ಮ ಕಾಯಿಲೆ ವಿಷಯವನ್ನೇ ನನಗೆ ಹೇಳದೆ ಹೋದವರು, ಇದನ್ನ ಹೇಳ್ತಾರಾ?"

ಎಂಟು ತಿಂಗಳಿಂದ ಸಿಕ್ಕಸಿಕ್ಕವರ ಹತ್ತಿರ ನಾನು ಹೇಳಿಕೊಂಡು ತಿರುಗುತ್ತಿದ್ದ ಮಾತು ಇದೇ. ಸ್ವಂತ ಮಗಳಿಗೂ ಹೇಳಲಿಲ್ಲ. ಕೊನೆಯ ಹದಿನೈದು ದಿನ ಆಸ್ಪತ್ರೆ ಸೇರುವವರೆಗೂ ಗ್ಯಾಸ್ಟ್ರಿಕ್ಕು ಎಂದೇ ಹೇಳಿದರು. ಕೇಳಿದವರೆಲ್ಲ ಅಯ್ಯೋ ಪಾಪ ಎನ್ನುತ್ತಿದ್ದರು, ನನಗೆ ಸ್ವಲ್ಪ ಹೊತ್ತು ಸಮಾಧಾನವಾಗುತ್ತಿತ್ತು.

ಅವಸರಪ್ಪನೂ ಪಾಪ ಎಂದ. ಆಮೇಲೆ ತಲೆ ಕೆರೆದುಕೊಂಡ. "ಅಚ್ಚಿಲ್ಲದೆ ಕಣ್ಣುಮುಚ್ಚಿಕೊಂಡು ಉಜ್ಜಿದರೆ ಸಡಿಲವಾಗಿ ಹಾಳಾಗುತ್ತೆ. ಬಾಯಿನೇ ಬೇಕು. ಯಜಮಾನ್ರ ನಂಬರ್ ಪುಸ್ತಕ ಆದ್ರೂ ಇದೆಯಾ, ಅದನ್ನೂ ಲಾರಿಗೆ ಹಾಕಿದೆಯಾ?"

ಪುಸ್ತಕವಿತ್ತು. ಮನೆಗೆ ಬಂದು ಹುಡುಕಿ ತೆಗೆದೆ. ಬೇರೆಯವರ ಮುಂದೆಲ್ಲ ಹೆಸರು, ಬೀದಿ, ವಯಸ್ಸು, ಯಾವ ಕಡೆ ಅಗಿಯುತ್ತಾರೆ ಎಂಬುದರವರೆಗೆ ಬರೆದಿಟ್ಟ ಮನುಷ್ಯ ಇನ್ನೂರ ಹದಿನಾಲ್ಕರ ಮುಂದೆ ಬರೆದದ್ದು ಇಷ್ಟೇ: 'ಹೆಸರು ಬೇಡ. ಮುಗಿದ ಮೇಲೆ ತಪ್ಪದೆ ಈ ನಂಬರಿಗೆ ತಿಳಿಸುವುದು.' ಕೆಳಗೊಂದು ಫೋನ್ ನಂಬರು.

ಆ ಹೆಂಗಸಿಗೆ ನಾಲ್ಕು ಮಾತು ಆಡಿಯೇ ಬಿಡುತ್ತೇನೆ ಎಂದು ಅಪ್ಪನ ಹಳೆಯ ಫೋನಿನಿಂದಲೇ ಮಾಡಿದೆ. ಎತ್ತಿದ್ದು ಗಂಡಸು.

"ಮುಗೀತಾ ಮೇಷ್ಟ್ರೇ? ಈ ಸಲ ಬೇಗ ಆಯ್ತಲ್ಲ! ನಾನಿನ್ನು ಮನೆಗೆ ಹೊರಡಬಹುದಾ?"

ನನ್ನ ನಾಲ್ಕು ಮಾತನ್ನು ಬದಿಗಿಟ್ಟೆ. ನಾನು ಯಾರೆಂದು ಹೇಳಿದೆ, ಅಪ್ಪ ಇಲ್ಲವೆಂದೂ ಹೇಳಿದೆ. ಆ ಕಡೆ ಮೂಗೊರೆಸಿಕೊಂಡು ಅವರೇ ಬಿಡಿಸಿ ಹೇಳಿದರು.

"ನನ್ನ ಹೆಂಡತಿ ಎಡಗಡೆ ಅಗಿಯೋದು ಬಿಟ್ಟಳು ಅಂದ್ರೆ ನನಗೆ ಎಲ್ಲಾದರೂ ಒಂದು ಕೆಲಸ ಬೀಳುತ್ತೆ ಅಮ್ಮ. ನಾನು ಮನೇಲಿದ್ರೆ ಅವಳು ತೆಗೆಯೋದೇ ಇಲ್ಲ, ಹುಣ್ಣಾದ್ರೂ ಹಾಕ್ಕೊಂಡೇ ಮಲಗ್ತಾಳೆ. ಹನ್ನೊಂದು ವರ್ಷದಿಂದ ಹೀಗೇ. ಸ್ನೇಹಿತನ ಮನೆ ಸೋಫಾದ ಮೇಲೆ ಮಲಗಿ ಸೊಂಟ ಹಿಡ್ಕೊಂಡಿದೆ. ನನಗೆ ಗೊತ್ತು ಅನ್ನೋದು ಮಾತ್ರ ಅವಳಿಗೆ ಗೊತ್ತಾಗಬಾರದು. ನಿಮ್ಮಪ್ಪ ಒಂದು ದಿನವೂ ಬಾಯಿಬಿಡಲಿಲ್ಲ."

"ಅದು ಅವರಿಗೆ ಕಷ್ಟದ ಕೆಲಸವೇನಲ್ಲ ಬಿಡಿ" ಎಂದೆ. ಮನೆಯ ವಿಳಾಸ ಬರೆದುಕೊಂಡೆ. ಅಪ್ಪನ ಪುಸ್ತಕದಲ್ಲಿ ಸಿಕ್ಕಿತು ಎಂದು ಹೇಳಬೇಕೆಂದು ನನ್ನಿಂದಲೂ ಮಾತು ತೆಗೆದುಕೊಂಡರು.

ಶನಿವಾರ ಅವಸರಪ್ಪನನ್ನೂ ಸೆಟ್ಟು ಉಜ್ಜುವ ಅವನ ಪುಟ್ಟ ಮೋಟಾರನ್ನೂ ಕರೆದುಕೊಂಡು ಎರಡು ಬಸ್ಸು ಬದಲಿಸಿ ಹೋದೆ. ಎರಡನೆಯ ಬಸ್ಸು ಮುಕ್ಕಾಲು ಗಂಟೆ ತಡ. ವಿಚಾರಣೆ ಕಿಟಕಿಯವಳು ನನ್ನ ಮುಖವನ್ನೂ ನೋಡದೆ "ಬಂದಾಗ ಬರುತ್ತೆ" ಎಂದಳು.

ಬಾಗಿಲು ತೆರೆದ ಹೆಂಗಸಿಗೆ ಅರವತ್ತರ ಮೇಲಾಗಿತ್ತು. ನೆಟ್ಟಗೆ ನಿಂತ ಮೈ, ಕೊರಳಲ್ಲಿ ಅಳತೆಯ ಟೇಪು, ಬಾಯಿಗೆ ಅಡ್ಡವಾಗಿ ಕರವಸ್ತ್ರ. ನನ್ನ ಕೈಯ ಡಬ್ಬಿ ಕಂಡದ್ದೇ ಹೊಸ್ತಿಲಿಂದ ಒಳಗೆ ಎಳೆದುಕೊಂಡು ಬಾಗಿಲು ಹಾಕಿದರು.

"ಅಪ್ಪ ತೀರಿಕೊಂಡ್ರು" ಎಂದೆ. ಕೆಂಪು ಶಾಯಿಯ ಮಾತು ಬಾಯಿಗೆ ಬರಲಿಲ್ಲ. "ಇವರು ಅಪ್ಪನ ಹತ್ರ ಕೆಲಸ ಕಲಿತವರು. ಇವರಿಗೊಂದು ಸಲ ಬಾಯಿ ತೋರಿಸಬೇಕು."

ಆಕೆ ಕುರ್ಚಿಯ ಮೇಲೆ ಕೂತು ಸದ್ದಿಲ್ಲದೆ ಅತ್ತರು. ಆಗಲೂ ಕರವಸ್ತ್ರ ಬಾಯಿಯ ಮೇಲೇ ಇತ್ತು, ಕಣ್ಣೊರೆಸಿಕೊಳ್ಳಲು ಸೆರಗು ಹಿಡಿದರು. ಆಮೇಲೆ ಎದ್ದು ಕಿಟಕಿಯ ಪರದೆ ಎಳೆದು, ನನಗೆ ಬೆನ್ನು ಮಾಡಿ ಅವಸರಪ್ಪನ ಮುಂದೆ ಬಾಯಿ ತೆರೆದರು. ಅವನು ನೋಡಿದ, ಗುರುತು ಹಾಕಿದ, ಅಡುಗೆಮನೆಯಲ್ಲಿ ಮೋಟಾರು ಜೋಡಿಸಿ ಉಜ್ಜಿದ, ತಂದು ಹಾಕಿ ನೋಡಿದ, ಮತ್ತೆ ಉಜ್ಜಲು ಹೋದ. ಮೂರು ಸಲ. ಅವಸರಪ್ಪ ಅಷ್ಟು ನಿಧಾನವಾಗಿ ಕೆಲಸ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ನಾಲ್ಕನೆಯ ಸಲ ಆಕೆ ಎಡಗಡೆ ಕಚ್ಚಿ ನೋಡಿ ತಲೆಯಾಡಿಸಿದರು. ಅವನು ಸಾಮಾನು ತೊಳೆಯಲು ಒಳಗೆ ಹೋದ. ಆಕೆ ಈಗ ಕರವಸ್ತ್ರ ತೆಗೆದು ನನ್ನ ಕಡೆ ತಿರುಗಿದರು.

"ನಮ್ಮ ಮನೆಯವರಿಗೆ ಇವತ್ತಿಗೂ ಗೊತ್ತಿಲ್ಲ ನೋಡಿ" ಎಂದರು. ಆ ದನಿಯಲ್ಲಿ ಹೆಮ್ಮೆಯಿತ್ತು.

ನಾನು ನಾಲಿಗೆ ಕಚ್ಚಿಕೊಂಡು ಹೌದು ಎಂದೆ. ಆದರೆ ಬಂದಾಗಿನಿಂದ ತಡೆದಿಟ್ಟುಕೊಂಡದ್ದು ಬೇರೆ ದಾರಿಯಲ್ಲಿ ನುಗ್ಗಿತು. "ವಿಳಾಸ ಬರೆಯೋಕೆ ನಿಮಗೆ ಏನಾಗಿತ್ತು? ಎರಡು ದಿನ ಹುಚ್ಚಿ ಥರ ಅಲೆದಿದೀನಿ. ನಿಮ್ಮ ಗುಟ್ಟು ನಿಮಗೆ, ಅಪ್ಪನ ಗುಟ್ಟು ಅಪ್ಪನಿಗೆ. ಅವರು ಸಾಯ್ತಾ ಇದೀನಿ ಅಂತ ಕೂಡ ನನಗೆ ಹೇಳಲಿಲ್ಲ, ಗೊತ್ತಾ?"

ಆಕೆ ಏನನ್ನೋ ತೂಗಿನೋಡುವವರ ಹಾಗೆ ನನ್ನನ್ನು ನೋಡಿದರು. ಹೊಲಿಗೆ ಮೆಷಿನ್ನಿನ ಡ್ರಾಯರ್ ಎಳೆದು ಒಂದು ಚೀಟಿ ತೆಗೆದುಕೊಟ್ಟರು. "ಹೋದ ವರ್ಷ ಸೆಟ್ಟಿನ ಜೊತೆ ಬಂತು. ಅವರು ಇದಾರೋ ಇಲ್ವೋ ಅಂತ ಕೇಳೋ ಧೈರ್ಯ ಆಗಲಿಲ್ಲ. ಅವರು ಹೇಳಿದ ಹಾಗೆ ಅವರ ಹೆಸರಿಗೇ ಕಳಿಸಿದೆ, ಎಂದಿನ ಹಾಗೆ ವಿಳಾಸ ಹಾಕದೆ."

ಅಪ್ಪನ ಅಕ್ಷರ.

"ಮುಂದಿನ ಸಲಕ್ಕೆ ನಾನು ಇರುವುದಿಲ್ಲ. ಆದರೂ ನನ್ನ ಹೆಸರಿಗೇ ಕಳಿಸಿ, ಮಗಳು ತೆಗೆದುಕೊಳ್ಳುತ್ತಾಳೆ. ಬಯ್ಯುತ್ತಾಳೆ, ಆದರೆ ಕೆಲಸ ಅರ್ಧಕ್ಕೆ ಬಿಡುವವಳಲ್ಲ. ನನ್ನ ಕಾಯಿಲೆ ಅವಳಿಗೆ ಗೊತ್ತಾಗಿದೆ. ಗೊತ್ತಿಲ್ಲದವಳ ಹಾಗೆ ಓಡಾಡಿಕೊಂಡಿದ್ದಾಳೆ. ಅವಳಿಗೆ ಅದೇ ಸುಲಭವಾದರೆ ಹಾಗೇ ಇರಲಿ ಎಂದು ನಾನೂ ಸುಮ್ಮನಿದ್ದೇನೆ."

ಎರಡು ಸಲ ಓದಿದೆ. ನಿಜ, ನನಗೆ ಗೊತ್ತಿತ್ತು. ಅವರು ಹೋಗುವ ಐದು ತಿಂಗಳ ಮುಂಚೆಯೇ ಆಸ್ಪತ್ರೆಗೆ ಒಬ್ಬಳೇ ಹೋಗಿ ಡಾಕ್ಟರನ್ನು ಕೇಳಿಕೊಂಡು ಬಂದಿದ್ದೆ. ಯಾರ ಹತ್ತಿರವೂ ಇದನ್ನು ಹೇಳಿಲ್ಲ. ಅವರು ಹೇಳಲಿ ಎಂದು ಐದು ತಿಂಗಳು ಕಾದೆ. ಅವರಾಗಿ ಹೇಳಿದರೆ ಅಳಬಹುದು, ಜಗಳವಾಡಬಹುದು ಎಂದುಕೊಂಡಿದ್ದೆ. ದಿನಾ ಬೆಳಗ್ಗೆ "ಗ್ಯಾಸ್ಟ್ರಿಕ್ ಹೇಗಿದೆ ಅಪ್ಪ" ಎಂದು ಕೇಳುತ್ತಿದ್ದೆ. "ಪರವಾಗಿಲ್ಲ" ಎನ್ನುತ್ತಿದ್ದರು. ಹಾಗೆನ್ನುವಾಗ, ನನಗೆ ಗೊತ್ತಿರುವುದೂ ಅವರಿಗೆ ಗೊತ್ತಿತ್ತು.

ದುಃಖಕ್ಕಿಂತ ಮೊದಲು ಬಂದದ್ದು ಸಿಟ್ಟೇ. "ನಿಮಗೆ ಬರೆದಿದಾರೆ! ಮುಖ ಪರಿಚಯ ಬಿಟ್ಟರೆ ಏನೂ ಅಲ್ಲದ ನಿಮಗೆ! ಇದೇ ಮಾತನ್ನ ನನಗೆ ಹೇಳೋಕೆ ಏನಾಗಿತ್ತು ಅವರಿಗೆ?"

"ನಿಮಗೆ ಏನಾಗಿತ್ತಮ್ಮ?" ಎಂದರು ಆಕೆ. ಚುಚ್ಚುವ ಮಾತಾಗಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು.

ನಾನು ಬಾಯಿ ತೆರೆದೆ. "ಅವರೇ ಹೇಳಲಿ ಅಂತ ಕಾಯ್ತಿದ್ದೆ" ಎಂದೆ. ಆಕೆ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತರು.